ನಾಯಿಗೆ ಬ್ಲಾಕು ಹುಡುಕಿದ್ದು

ಮಕ್ಕಳಿಗೆ ಪುಸ್ತಕ ಬರೆಯುವುದು ಸುಲಭ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬರೆಯುವುದು ಸುಲಭವೇ ಇರಬಹುದು. ಬರೆದದ್ದನ್ನು ಬರೆದ ಹಾಗೆ ಉಳಿಸಿಕೊಳ್ಳುವುದಿದೆಯಲ್ಲ, ಅದರ ಕಷ್ಟ ಬಲ್ಲವರಿಗೇ ಗೊತ್ತು. ನನ್ನ ಆಯುಷ್ಯದಲ್ಲಿ ನಾನು ಬರೆದದ್ದು ಒಂದೇ ಪುಸ್ತಕ. ಅದರಲ್ಲಿ ಇದ್ದವರು ಇಬ್ಬರೇ, ಒಬ್ಬ ಹುಡುಗಿ ಮತ್ತು ಒಂದು ನಾಯಿ. ಆ ಇಬ್ಬರನ್ನು ಜೊತೆಯಾಗಿ ಛಾಪಖಾನೆಯಿಂದ ಹೊರಗೆ ತರುವಷ್ಟರಲ್ಲಿ ನಾನು ಸುಸ್ತಾಗಿ ಹೋದೆ.

ಮೂವತ್ತರ ದಶಕದ ಮಾತು. ಆಗ ನಾನು ಧಾರವಾಡದ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ. ನನ್ನ ತವರು ಉಪ್ಪಿನಬೆಟಗೇರಿ, ಒಕ್ಕಲುತನದ ಮನೆ. ಆ ಮನೆಯಿಂದ ಒಬ್ಬ ಹೆಣ್ಣುಮಗಳು ಮಾಸ್ತರಿಕೆಗೆ ಬಂದದ್ದೇ ದೊಡ್ಡದು, ಅಂಥದ್ದರಲ್ಲಿ ಪುಸ್ತಕ ಬರೆಯುತ್ತಾಳೆ ಎಂದು ಯಾರೂ ಕನಸು ಕಂಡಿರಲಿಲ್ಲ. ನಮ್ಮ ಮನೆಯವರಿಗೆ ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಕೆಲಸ. ಮುಂಜಾನೆ ಗಾಡಿಗೆ ಹೋದರೆ ಸಂಜೆ ಗಾಡಿಗೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ನಾನು, ಎಂಟು ವರ್ಷದ ಮಗಳು. ಬಾಗಿಲ ಹೊರಗಿನ ಕಟ್ಟೆಯ ಮೇಲೆ ನಾಯಿ.

ನಾಯಿ ನಮ್ಮದೇನಲ್ಲ, ಓಣಿಯದು. ಆದರೆ ಓಣಿಯಲ್ಲಿ ಅಷ್ಟು ಮನೆಗಳಿದ್ದರೂ ಅದು ತಾನು ನಮ್ಮದು ಎಂದು ತೀರ್ಮಾನ ಮಾಡಿಬಿಟ್ಟಿತ್ತು. ಕರಿ ಬಣ್ಣ, ಒಂದು ಕಿವಿ ನಿಂತದ್ದು, ಇನ್ನೊಂದು ಬಿದ್ದದ್ದು, ಎಣಿಸಲಿಕ್ಕೆ ಬರುವ ಹಾಗೆ ಪಕ್ಕೆಲುಬು. ಅದಕ್ಕೆ ಹೆಸರು ಇಟ್ಟಿರಲಿಲ್ಲ. ನಾಯಿಗೆ ನಾಯಿ ಅನ್ನದೆ ಮತ್ತೇನು ಅನ್ನಬೇಕು ಎಂಬುದು ಮಗಳ ವಾದ, ಕರೆದರೆ ಅದು ಬರುತ್ತಿತ್ತು ಕೂಡ. ಅತ್ತೆಯ ಕಟ್ಟಳೆ ಒಂದೇ ಇತ್ತು. ನಾಯಿ ಹೊಸ್ತಿಲು ದಾಟಬಾರದು, ನಾಯಿಯನ್ನು ಮುಟ್ಟಿದವರು ಕೈಕಾಲು ತೊಳೆಯದೆ ದಾಟಬಾರದು. ಹೀಗಾಗಿ ಮಗಳ ಕೈಕಾಲು ಓಣಿಯಲ್ಲಿ ಎಲ್ಲರಿಗಿಂತ ಸ್ವಚ್ಛ ಇರುತ್ತಿದ್ದವು.

ಆ ನಾಯಿ ಮಹಾ ಅಂಜುಬುರುಕ. ನಮ್ಮ ಓಣಿ ಮುಗಿದು ಮುಂದಿನ ಓಣಿ ಸುರುವಾಗುವಲ್ಲಿ ಒಂದು ಬೇವಿನ ಗಿಡ ಇತ್ತು. ಅದರಾಚೆ ಬೇರೆ ನಾಯಿಗಳ ರಾಜ್ಯ. ಮಗಳು ಸಾಲೆಗೆ ಹೊರಟಾಗ ಇದು ಬಾಲ ಎತ್ತಿಕೊಂಡು ಬೇವಿನ ಗಿಡದವರೆಗೆ ಬರುತ್ತಿತ್ತು, ಅಲ್ಲಿಂದ ಬಾಲ ಮುದುಡಿ ತಿರುಗುತ್ತಿತ್ತು. ಒಂದು ದಿನ ಮಗಳು ಅದಕ್ಕೆ ತನ್ನ ಸಾಲೆ ತೋರಿಸಲೇಬೇಕು ಎಂದು ಹಟ ಹಿಡಿದಳು. ಒಂದು ಕೈಯಲ್ಲಿ ಬಡಿಗೆ ಹಿಡಿದು, ಇನ್ನೊಂದು ಕೈ ಅದರ ಕೊರಳ ಮೇಲಿಟ್ಟು, ಎರಡೂ ಕಡೆಯಿಂದ ಬೊಗಳುತ್ತಿದ್ದ ನಾಯಿಗಳನ್ನು ಬೈಯುತ್ತ, ಇಡೀ ಓಣಿ ದಾಟಿಸಿ ಸಾಲೆಯ ಬಾಗಿಲಿಗೆ ತಂದು ನಿಲ್ಲಿಸಿದಳು. ನಾಯಿ ಸಾಲೆಯನ್ನು ನೋಡಿತು, ಮೂಸಿತು, ಆಕಳಿಸಿತು. ಮತ್ತೆ ಮನೆಗೆ ಒಯ್ದು ಬಿಡಬೇಕಾಯಿತು. ಅವತ್ತು ನನ್ನ ಮಗಳು ತಡವಾಗಿ ಬಂದಳು ಎಂದು ಅವಳ ವರ್ಗಕ್ಕೆ ಕಲಿಸುವ ಅಕ್ಕಾರು ಬಂದು ನನಗೆ ದೂರು ಹೇಳಿದರು.

ಪುಸ್ತಕ ಹುಟ್ಟಿದ್ದು ಅಲ್ಲಿಂದ. ಮಗಳು ಸರಸರ ಓದುತ್ತಿದ್ದಳು, ಆದರೆ ಓದಿದ್ದು ಅವಳಿಗೆ ಸೇರುತ್ತಿರಲಿಲ್ಲ. ಪಾಠದಲ್ಲಿ ನಾಯಿ ಬಂತೆಂದರೆ ಒಂದೋ ಅದು ಆಸೆಬುರುಕ, ಇಲ್ಲವೇ ಒಡೆಯನಿಗಾಗಿ ಪ್ರಾಣ ಬಿಡುವಂಥದು. ನಮ್ಮ ನಾಯಿಯಂಥದು ಯಾಕೆ ಇಲ್ಲ ಎಂದು ಕೇಳಿದಳು. ನಾನು ಬರೆಯುತ್ತೇನೆ, ನೀನೂ ನಾಯಿಯೂ ಇಬ್ಬರೂ ಪುಸ್ತಕದಲ್ಲಿ ಬರುವ ಹಾಗೆ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಅವಳು ಕೂಡಲೇ ಷರತ್ತು ಹಾಕಿದಳು.

"ಖರೇ ಇದ್ದದ್ದಷ್ಟ ಬರೀಬೇಕವ್ವಾ. ಹೆಚ್ಚಿಂದು ಹಾಕಬಾರದು."

ಬರೆಯುವಾಗ ಆ ಷರತ್ತನ್ನು ಅವಳು ಸಡಿಲ ಬಿಡಲಿಲ್ಲ. ಸಂಜೆ ರೊಟ್ಟಿ ಬಡಿಯುತ್ತ ನಾನು ಹೇಳುತ್ತಿದ್ದೆ, ಅವಳು ಒಲೆಯ ಮುಂದೆ ಕೂತು ಒಪ್ಪುತ್ತಿದ್ದಳು ಅಥವಾ ತಲೆ ಅಲ್ಲಾಡಿಸುತ್ತಿದ್ದಳು. ನಾಯಿ ಮುಂಗಾಲೆತ್ತಿ ಕೈಗೆ ಕೈ ಕೊಟ್ಟಿತು ಎಂದು ಬರೆದರೆ, ನಮ್ಮ ನಾಯಿ ಹಾಗೆ ಕೈ ಕೊಡುವುದಿಲ್ಲ, ಆ ಸಾಲು ಹೊಡೆದುಹಾಕು. ಕಳ್ಳನನ್ನು ನೋಡಿ ಬೊಗಳಿತು ಎಂದರೆ, ಯಾವ ಕಳ್ಳ ಬಂದಿದ್ದ, ಹೊಡೆದುಹಾಕು. ಕೊನೆಗೆ ಉಳಿದದ್ದು ಇಷ್ಟೇ: ಹುಡುಗಿ ಮತ್ತು ನಾಯಿ ಕಟ್ಟೆಯ ಮೇಲೆ ಕೂಡುವುದು, ನೆನೆಸಿದ ರೊಟ್ಟಿಗಾಗಿ ಕಾಯುವುದು, ಬೇವಿನ ಗಿಡದವರೆಗೆ ನಡೆಯುವುದು, ಒಂದು ದಿನ ಅದರಾಚೆ ಹೋಗಿಬರುವುದು. ನನಗೂ ಅದು ಸಾಕು ಎನ್ನಿಸಿತು. ಇಬ್ಬರು ಜೀವಕ್ಕೆ ಜೀವ ಆಗಿರುವಾಗ ಹೆಚ್ಚಿನದೇನೂ ನಡೆಯುವುದಿಲ್ಲ ಎಂಬುದನ್ನು ನಾನು ಬೇಕಾದಷ್ಟು ನೋಡಿದ್ದೆ.

ಹುಬ್ಬಳ್ಳಿಯ ಪೇಟೆಯಲ್ಲಿ ಒಂದು ಸಣ್ಣ ಛಾಪಖಾನೆ ಇತ್ತು. ಲಗ್ನಪತ್ರಿಕೆ, ಅಂಗಡಿಯವರ ಪಾವತಿ ಪುಸ್ತಕ, ಆಗೊಂದು ಈಗೊಂದು ಭಜನೆಯ ಹಾಡಿನ ಪುಸ್ತಕ. ಮಾಲಕರು ದೇಶಭಕ್ತರು, ತಲೆಯಿಂದ ಕಾಲಿನವರೆಗೆ ಹತ್ತಿರದ ಗರಗ ಊರಿನ ಖಾದಿ. ಸಾಲೆಗಳ ವರ್ಷದ ಸಮಾರಂಭ, ಗ್ಯಾದರಿಂಗಿನಲ್ಲಿ ಮಕ್ಕಳಿಗೆ ಬಹುಮಾನ ಕೊಡಲು ಕನ್ನಡ ಪುಸ್ತಕಗಳೇ ಇಲ್ಲ, ಅಂಥವನ್ನು ತರಬೇಕು ಎಂಬುದು ಅವರ ಹಂಬಲ. ನಮ್ಮ ಮನೆಯವರು ನನ್ನ ಬರಹ ಒಯ್ದು ತೋರಿಸಿದಾಗ ಕೂಡಲೇ ಒಪ್ಪಿದರಂತೆ. ಆ ಸುದ್ದಿ ಕೇಳಿದ ದಿನ ಮಗಳು ನಾಯಿಯ ಕಿವಿಯಲ್ಲಿ ಏನೋ ಹೇಳಿದ್ದನ್ನು ಕಂಡೆ.

ಮೊದಲ ರವಿವಾರ ನಾನು ಸಂತೋಷದಿಂದ ಹುಬ್ಬಳ್ಳಿಗೆ ಹೋದೆ. ಮಾಲಕರು ಚಹಾ ತರಿಸಿದರು, ಬರಹವನ್ನು ಹೊಗಳಿದರು, ಆಮೇಲೆ ನಿಧಾನವಾಗಿ ಸುರುಮಾಡಿದರು. ಕಥೆ ಛಲೋ ಇದೆ, ಆದರೆ ನಾಯಿ ಏನೂ ಮಾಡುವುದಿಲ್ಲವಲ್ಲ. ಬಾವಿಗೆ ಬಿದ್ದ ಮಗುವನ್ನು ಎತ್ತಬಾರದೆ? ಹೋಗಲಿ, ಹಾವನ್ನಾದರೂ ಕೊಲ್ಲಬಾರದೆ? ನಮ್ಮ ನಾಯಿ ಹಾವು ಕಂಡರೆ ಮೊದಲು ಓಡುತ್ತದೆ ಎಂದೆ. ಮಗು ನೂಲು ತೆಗೆಯುತ್ತ ಕೂತಿರಲಿ, ನಾಯಿ ಪಕ್ಕದಲ್ಲಿ ಕಾಯುತ್ತಿರಲಿ, ದೇಶಕ್ಕೂ ಸೇವೆಯಾದೀತು ಎಂದರು. ನಮ್ಮ ಮನೆಯಲ್ಲಿ ರಾಟಿ ಇರಲಿಲ್ಲ, ಇಲ್ಲದ್ದನ್ನು ಬರೆಯುವುದಿಲ್ಲ ಎಂದೆ. ಬೇವಿನ ಗಿಡದ ಭಾಗ ಅವರಿಗೆ ಸುತರಾಂ ಹಿಡಿಸಿರಲಿಲ್ಲ.

"ನಾಯಿ ಮನಷ್ಯಾರ್ನ ಕಾಯಬೇಕ್ರಿ ಅಕ್ಕಾರ. ಮನಷ್ಯಾರು ನಾಯಿ ಕಾಯೂದು ಯಾವ ಊರಾಗ ಐತಿ?"

ನಮ್ಮ ಓಣಿಯಲ್ಲಿ ಐತಿ ಎಂದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅತ್ತೆ ಹೇಳುತ್ತಿದ್ದದ್ದು ಸುಳ್ಳಲ್ಲ. ಆದರೂ ಅವತ್ತು ತಡೆದುಕೊಂಡೆ. ಸಂಜೆಯ ಗಾಡಿಯಲ್ಲಿ ತಿರುಗಿ ಬರುವಾಗ ಗೆದ್ದೆ ಅನ್ನಿಸಿತ್ತು. ನಾಯಿ ಹೇಡಿಯಾಗಿಯೇ ಉಳಿದಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಕ್ಕಳ ಪುಸ್ತಕಕ್ಕೆ ಮುಖಪುಟದ ಮೇಲೆ ಒಂದು ಚಿತ್ರವಾದರೂ ಬೇಕಲ್ಲ. ಚಿತ್ರಕ್ಕೆ ಬ್ಲಾಕು ಬೇಕು, ಅಂದರೆ ಚಿತ್ರವನ್ನು ಸತುವಿನ ತಗಡಿನಲ್ಲಿ ಎಬ್ಬಿಸಿ ಕಟ್ಟಿಗೆಯ ತುಂಡಿಗೆ ಹೊಡೆದದ್ದು. ಅದು ಪುಣೆಯಲ್ಲಿ ಆಗಬೇಕು, ಖರ್ಚೂ ಬಹಳ, ತಡವೂ ಬಹಳ. ಅದಕ್ಕಾಗಿ ನಮ್ಮ ಕಡೆಯ ಸಣ್ಣ ಛಾಪಖಾನೆಗಳು ಒಂದು ದಾರಿ ಕಂಡುಕೊಂಡಿದ್ದವು. ಹಳೆಯ ಬ್ಲಾಕುಗಳನ್ನು ಡಬ್ಬಿಯಲ್ಲಿ ತುಂಬಿಟ್ಟಿರುತ್ತಿದ್ದರು. ಯಾವ ಪುಸ್ತಕಕ್ಕೆ ಯಾವುದು ಹೊಂದುತ್ತದೋ ಅದನ್ನು ಹಾಕುವುದು, ಹೊಂದದಿದ್ದರೆ ಪುಸ್ತಕವನ್ನೇ ಸ್ವಲ್ಪ ಹೊಂದಿಸುವುದು. ನೀರಿನ ನಳ ಇರದ ಊರಿನ ಕಥೆಯಲ್ಲಿ ನಳ, ಆನೆ ಕಾಣದ ಮಗುವಿನ ಕಥೆಯಲ್ಲಿ ಆನೆ ಹೇಗೆ ಬರುತ್ತದೆಂದು ನನಗೆ ಆಗ ತಿಳಿಯಿತು.

ಎರಡನೆಯ ಸಲ ಹೋದಾಗ ಮಾಲಕರು ಉಮೇದಿನಿಂದ ಡಬ್ಬಿ ತಂದು ನನ್ನ ಮುಂದೆ ಸುರಿದರು. ಅದರಲ್ಲಿ ಒಂದು ನಾಯಿ ಇತ್ತು. ಯಾವುದೋ ಬಿಸ್ಕೀಟಿನ ಜಾಹೀರಾತಿನದು. ಕಣ್ಣು ಮುಚ್ಚುವಷ್ಟು ಕೂದಲು, ಕೊರಳಿಗೆ ರಿಬ್ಬನ್ನು. ಇದನ್ನೇ ಹಾಕೋಣ, ಕಥೆಯಲ್ಲಿ ಕರಿ ಇದ್ದದ್ದನ್ನು ಬಿಳಿ ಮಾಡಿದರಾಯಿತು, ಕೂದಲಿನ ಬಗ್ಗೆ ಒಂದು ಸಾಲು ಸೇರಿಸಿದರಾಯಿತು ಎಂದರು. ಮೈಮೇಲೆ ಗರಗದ ಖಾದಿ ಹಾಕಿಕೊಂಡವರು ಸಾಹೇಬರ ನಾಯಿಯನ್ನು ಕನ್ನಡದ ಮಕ್ಕಳ ಕೈಗೆ ಕೊಡುತ್ತೀರಾ ಎಂದು ನಾನು ಕೇಳಿದೆ. ಅವರಿಗೆ ನಾಟಿತು. ಬ್ಲಾಕನ್ನು ಡಬ್ಬಿಯ ತಳಕ್ಕೆ ಸೇರಿಸಿದರು.

ಆಮೇಲೆ ಅವರಿಗೆ ನೆನಪಾದದ್ದು ದತ್ತಾತ್ರೇಯನ ಬ್ಲಾಕು. ಪ್ರತಿ ವರ್ಷ ದತ್ತಜಯಂತಿಯ ಕರೆಯೋಲೆಗೆ ಹಾಕುತ್ತಿದ್ದ ಬ್ಲಾಕು, ಹಿಂದೆ ಆಕಳು, ಕಾಲ ಬಳಿ ನಾಲ್ಕು ನಾಯಿಗಳು. ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಖರೇ ಹೇಳಬೇಕೆಂದರೆ ಅದರಲ್ಲಿ ಬಲತುದಿಯ ನಾಯಿ ನಮ್ಮದರ ಹಾಗೇ ಇತ್ತು. ಬಡಕಲು, ಒಂದು ಕಿವಿ ಜೋತದ್ದು. ನನಗೆ ಆಸೆ ಹುಟ್ಟಿತು. ಈ ಮೂಲೆಯನ್ನಷ್ಟು ಗರಗಸದಿಂದ ಕೊಯ್ದು ಕೊಡಿ ಎಂದೆ. ಮಾಲಕರು ಬ್ಲಾಕನ್ನು ನನ್ನ ಕೈಯಿಂದ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು.

"ದೇವರ ಮ್ಯಾಲೆ ಗರಗಸ ಇಡಂಗಿಲ್ರೀ. ಕೈ ಬಿದ್ದು ಹೋಗತಾವು."

ದೇವರನ್ನು ಕೊಯ್ಯುವುದಲ್ಲ, ಬರೀ ನಾಯಿಯನ್ನು ಎಂದರೂ ಕೇಳಲಿಲ್ಲ. ಆ ನಾಯಿಗಳು ನಾಯಿಗಳಲ್ಲ, ನಾಲ್ಕು ವೇದಗಳು, ವೇದಕ್ಕೆ ಗರಗಸ ಹಾಕಿದವನು ಎಂದು ನನ್ನ ಹೆಸರು ಉಳಿಯಬೇಕೇ ಎಂದರು. ಹಾಗಾದರೆ ದೇವರ ಸಮೇತ ಅಚ್ಚು ಹಾಕೋಣ, ಕೊನೆಯಲ್ಲಿ ಹುಡುಗಿಗೆ ಕನಸಿನಲ್ಲಿ ದತ್ತಾತ್ರೇಯ ಕಾಣಿಸಿಕೊಳ್ಳಲಿ ಎಂಬ ಸಲಹೆಯೂ ಅವರಿಂದಲೇ ಬಂತು. ನನಗೆ ತಲೆ ಚಿಟ್ಟು ಹಿಡಿಯಿತು. ಮನೆಗೆ ಬಂದು ಹೇಳಿದರೆ ಅತ್ತೆಗೆ ಸಲಹೆ ಬಹಳ ಹಿಡಿಸಿತು. ಮಗಳು ಮಾತ್ರ ತನಗೆ ಅಂಥ ಕನಸು ಬಿದ್ದಿಲ್ಲ ಎಂದಳು.

ಜಗಳ ಆಡಿ ಆಡಿ, ನಮ್ಮ ಮನೆಯವರನ್ನೂ ನಡುವೆ ಎಳೆದು, ಕೊನೆಗೆ ಪುಣೆಯಲ್ಲಿ ಹೊಸ ಬ್ಲಾಕು ಮಾಡಿಸಲು ಅವರನ್ನು ಒಪ್ಪಿಸಿದೆ. ಚಿತ್ರಕಾರನಿಗೆ ತಿಳಿಯಲಿ ಎಂದು ನಾಯಿಯ ವರ್ಣನೆಯನ್ನು ಉದ್ದಕ್ಕೆ ಬರೆದು ಕೊಟ್ಟೆ. ಯಾವ ಕಿವಿ ನಿಂತದ್ದು, ಯಾವ ಕಿವಿ ಬಿದ್ದದ್ದು, ಬಾಲ ಎಷ್ಟು ಡೊಂಕು, ಪಕ್ಕೆಲುಬು ಹೇಗೆ. ಹುಡುಗಿಯ ಬಗ್ಗೆಯೂ ಬರೆದೆ. ಎರಡು ಜಡೆ, ಹಿಮ್ಮಡಿಯವರೆಗಿನ ಪರಕಾರ, ಕೈಯಲ್ಲಿ ಬಡಿಗೆ. ಮಗಳು ನಾಯಿಯನ್ನು ಕಟ್ಟೆಯ ಮೇಲೆ ಕೂಡಿಸಿ ಒಂದೊಂದೇ ಗುರುತು ಹೇಳಿದಳು. ಚಿತ್ರ ಬರುವವರೆಗೆ ಅವಳು ದಿನಾಲೂ ಕೇಳುತ್ತಿದ್ದ ಪ್ರಶ್ನೆ, ನಾವು ಪುಣೆಯಿಂದ ಬಂದೆವೇನು ಎಂಬುದು.

ಬಂದರು. ನಾನು ಹುಬ್ಬಳ್ಳಿಗೆ ಹೋದಾಗ ಮಾಲಕರು ಬ್ಲಾಕಿಗೆ ಮಸಿ ಹಚ್ಚಿ ಒಂದು ಕಾಗದದ ಮೇಲೆ ಒತ್ತಿ ನನಗೆ ತೋರಿಸಿದರು. ನಾಯಿ ನಮ್ಮದೇ. ಕಿವಿ, ಬಾಲ, ಎಲ್ಲ ಸರಿ. ಮುಂಗಾಲು ಒಂದನ್ನು ಅರ್ಧ ಎತ್ತಿಕೊಂಡು, ಮೂತಿ ಮೇಲೆ ಮಾಡಿ, ಪಕ್ಕದಲ್ಲಿದ್ದವರ ಮುಖ ನೋಡುತ್ತಿತ್ತು. ಅದು ಹಾಗೆಯೇ ನೋಡುತ್ತಿತ್ತು, ದಿನಾಲೂ, ಬೇವಿನ ಗಿಡದ ಹತ್ತಿರ. ಆದರೆ ಪಕ್ಕದಲ್ಲಿ ಒಬ್ಬ ಹುಡುಗ ನಿಂತಿದ್ದ. ತಲೆಗೆ ಟೋಪಿ, ಅಂಗಿ, ಚಡ್ಡಿ, ಒಂದು ಕೈಯಲ್ಲಿ ನನ್ನ ಮಗಳ ಬಡಿಗೆ, ಇನ್ನೊಂದು ಕೈ ನಾಯಿಯ ಬೆನ್ನಿನ ಮೇಲೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಚಿತ್ರಕಾರನನ್ನು ಬೈಯಲು ನಾನು ಬಾಯಿ ತೆರೆದೆ. ಮಾಲಕರು ಅವನ ತಪ್ಪೇನೂ ಇಲ್ಲ ಎಂದರು. ಹುಡುಗನನ್ನು ಮಾಡು ಎಂದು ಅವರೇ ಪುಣೆಗೆ ಬರೆದಿದ್ದರು.

"ಹುಡುಗ ಇದ್ರ ಹುಡುಗರೂ ಓದತಾರ, ಹುಡುಗ್ಯಾರೂ ಓದತಾರ. ಹುಡುಗಿ ಇದ್ರ ಹುಡುಗ್ಯಾರಷ್ಟ ಓದತಾರ್ರಿ. ಗ್ಯಾದರಿಂಗ್ ಮಾಡೂ ಸಾಲಿ ಎಲ್ಲಾ ಗಂಡು ಹುಡುಗರ್ವ."

ಅವರು ಇದನ್ನು ನನಗೆ ಮಗ್ಗಿ ಹೇಳಿಕೊಡುವವರಂತೆ ಸಮಾಧಾನದಿಂದ ಹೇಳಿದರು. ನನ್ನನ್ನು ಹೆಚ್ಚು ಕೆರಳಿಸಿದ್ದು ಆ ಸಮಾಧಾನ. ಅಷ್ಟೇ ಅಲ್ಲ, ಒಳಗೆ ಜೋಡಿಸಿಟ್ಟಿದ್ದ ಅಚ್ಚಿನ ಮೊಳೆಗಳ ಕರಡು ಪ್ರತಿ ತಂದರು. ಅದರಲ್ಲಿ ಹುಡುಗಿ ಎಂದಿದ್ದಲ್ಲೆಲ್ಲ ಹುಡುಗ ಆಗಿತ್ತು. ಜಡೆ ಹೋಗಿ ಟೋಪಿ ಬಂದಿತ್ತು. ಕಟ್ಟೆಯ ಮೇಲೆ ಕೂತವನು ಅವನು, ರೊಟ್ಟಿ ಹಂಚಿಕೊಂಡವನು ಅವನು, ಬಡಿಗೆ ಹಿಡಿದು ಓಣಿ ದಾಟಿಸಿದವನು ಅವನು. ನಾನು ಇಷ್ಟು ದಿನ ನಾಯಿಯ ಕಿವಿಗಾಗಿ, ಬಣ್ಣಕ್ಕಾಗಿ, ಹೇಡಿತನಕ್ಕಾಗಿ ಕಾದಾಡಿದ್ದೆ. ಹುಡುಗಿಗೂ ಕಾವಲು ಬೇಕಾಗಬಹುದು ಎಂದು ನನಗೆ ಹೊಳೆದಿರಲಿಲ್ಲ, ಯಾಕೆ ಹೊಳೆಯಬೇಕು?

ಅಲ್ಲಿಯೇ ಕೂತು, ಮಾಲಕರ ಟಾಕಿನ ಪೆನ್ನನ್ನೇ ಇಸಿದುಕೊಂಡು, ಕರಡಿನಲ್ಲಿದ್ದ ಹುಡುಗನನ್ನು ಒಂದೊಂದೇ ಸಾಲಿನಿಂದ ಹೊರಗೆ ಹಾಕಿದೆ. ಅವರು ತಡೆಯಲಿಲ್ಲ. ಒಳಗಿನ ಮಾತು ಬೇಕಾದರೆ ನಿಮ್ಮ ಇಚ್ಛೆಯಂತೆ ಇರಲಿ, ಆದರೆ ಬ್ಲಾಕು ಬದಲಾಗುವುದಿಲ್ಲ ಎಂದರು. ಪುಣೆಗೆ ಮತ್ತೆ ಕಳಿಸಿದರೆ ಗ್ಯಾದರಿಂಗಿನ ಹಂಗಾಮು ಮುಗಿದೇ ಹೋಗುತ್ತದೆ, ಆಮೇಲೆ ಪುಸ್ತಕ ಯಾರಿಗೆ ಬೇಕು? ಮುಖಪುಟದ ಮೇಲೆ ಹುಡುಗ, ಒಳಗೆ ಹುಡುಗಿ, ಓದಿದವರು ಏನು ತಿಳಿಯಬೇಕು ಎಂದು ಕೇಳಿದೆ. ಅದಕ್ಕಾಗಿಯೇ ಒಳಗೂ ಹುಡುಗ ಇರಲಿ ಎಂದದ್ದು ಎಂದರು. ಹುಡುಗನಿಗೆ ಜಡೆ, ಪರಕಾರ ಕೆತ್ತಿಸಲು ಬರುವುದಿಲ್ಲವೇ ಎಂದೆ. ಬ್ಲಾಕಿನಲ್ಲಿ ಇದ್ದದ್ದನ್ನು ತೆಗೆಯಬಹುದು, ಇಲ್ಲದ್ದನ್ನು ಸೇರಿಸಲು ಬರುವುದಿಲ್ಲ ಎಂದು ಅವರು ಹೇಳಿದ ಕ್ಷಣದಲ್ಲಿ ನನ್ನ ಬಾಯಿಂದ ಬಂದೇ ಬಿಟ್ಟಿತು.

"ಹಂಗಾರ ತಗೀರಿ. ಇಂವ ಏನ್ ದೇವರಲ್ಲಲ್ರಿ. ಗರಗಸ ಇಡ್ರಿ ಇವನ ಮ್ಯಾಲೆ."

ಮಾಲಕರು ಬ್ಲಾಕನ್ನು ಕೈಗೆತ್ತಿಕೊಂಡರು. ಈ ಹೆಂಗಸಿನ ಕಾಟ ಇವತ್ತಿಗೆ ಮುಗಿದರೆ ಸಾಕು ಎನ್ನಿಸಿರಬೇಕು. ಗರಗಸ ತರಿಸಿ, ಬ್ಲಾಕನ್ನು ಮೇಜಿಗೆ ಬಿಗಿದು, ಹುಡುಗನ ಬದಿಯನ್ನು ಮೇಲಿನಿಂದ ಕೆಳಗೆ ಕೊಯ್ದರು. ನಾಯಿಯ ಬೆನ್ನಿನ ಮೇಲೆ ಉಳಿದಿದ್ದ ಅವನ ಬೆರಳುಗಳನ್ನು ಉಳಿಯಿಂದ ಕೆತ್ತಿ ತೆಗೆದರು. ತಗಡಿನ ಚೂರು ನೆಲಕ್ಕೆ ಬಿದ್ದಾಗ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಅಷ್ಟು ತಿಂಗಳ ಸಿಟ್ಟು ಆ ಒಂದು ಕೊಯ್ತಕ್ಕೆ ಇಳಿಯಿತು. ಮನೆಗೆ ಬಂದವಳು ಕರಿದ ಕಡುಬು ಮಾಡಿದೆ, ಯಾವ ಹಬ್ಬ ಎಂದು ಅತ್ತೆ ಕೇಳಿದರೂ ಹೇಳಲಿಲ್ಲ.

ಪುಸ್ತಕ ಬಂದಾಗ ದಸರೆಯ ಸೂಟಿ ಮುಗಿದಿತ್ತು. ನಮ್ಮ ಮನೆಯವರು ಸಂಜೆಯ ಗಾಡಿಯಲ್ಲಿ ಪ್ರತಿಗಳ ಒಂದು ಗಂಟು ತಂದರು. ಮೊದಲ ಪ್ರತಿ ಮಗಳದು. ಅವಳು ಕೈ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕೂತು ಓದಿದಳು. ನಾನು ಬಾಗಿಲಲ್ಲಿ ಅಕ್ಕಿ ಆರಿಸುವ ನೆವದಿಂದ ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ತುಟಿ ಆಡಿಸುತ್ತ ಒಂದೊಂದೇ ಪುಟ ತಿರುವಿದಳು. ಎಲ್ಲಿಯೂ ತಲೆ ಅಲ್ಲಾಡಿಸಲಿಲ್ಲ. ಬೇವಿನ ಗಿಡದ ಪುಟದಲ್ಲಿ ನಕ್ಕಳು. ಎಲ್ಲ ಖರೇ ಐತಿ ಎಂದು ನನ್ನ ಕಡೆ ನೋಡಿ ಹೇಳಿದಳು. ಅಷ್ಟು ಸಾಕಾಗಿತ್ತು ನನಗೆ.

ಆಮೇಲೆ ಪುಸ್ತಕ ಮುಚ್ಚಿ ಮುಖಪುಟವನ್ನು ನೋಡುತ್ತ ಕೂತಳು. ಎಡಬದಿಗೆ ನಾಯಿ, ಕಾಲು ಎತ್ತಿ, ಮೂತಿ ಮೇಲೆ ಮಾಡಿ. ಬಲಬದಿಗೆ ಬರೀ ಬಿಳಿ ಕಾಗದ. ಇದರ ಬಾಜೂಕ ಯಾರಿದ್ದರು ಎಂದು ಕೇಳಿದಳು. ನಾನು ಹುರುಪಿನಿಂದ ಎಲ್ಲ ಹೇಳಿದೆ. ಅವಳ ಜಾಗದಲ್ಲಿ ಯಾವನೋ ಹುಡುಗನನ್ನು ತಂದು ನಿಲ್ಲಿಸಿದ್ದು, ನಾನು ಜಗಳಾಡಿದ್ದು, ಕೊನೆಗೆ ಗರಗಸ ಇಡಿಸಿ ಅವನನ್ನು ಕೊಯ್ಯಿಸಿಯೇ ಬಿಟ್ಟದ್ದು. ಅವಳು ನಗುತ್ತಾಳೆ ಎಂದುಕೊಂಡಿದ್ದೆ.

ಅವಳು ಬಿಳಿ ಜಾಗದ ಮೇಲೆ ಅಂಗೈ ಇಟ್ಟಳು.

"ಅಂವ ಇದ್ರ ಇರಲಿ ಅಂತ ಬಿಡಬೇಕಿತ್ತವ್ವಾ," ಎಂದಳು. "ಈಗ ನೋಡು, ನಾಯಿ ಒಂದ ಉಳೀತು."

ನನಗೆ ಸಿಟ್ಟು ನೆತ್ತಿಗೇರಿತು. ನಿನಗಾಗಿ ಇಷ್ಟೆಲ್ಲ ಮಾಡಿದೆನಲ್ಲ, ನಿನ್ನ ಜಾಗ ಬೇರೆಯವರಿಗೆ ಬಿಡುವುದು ಯಾವ ನ್ಯಾಯ ಎಂದು ಗದರಿದೆ. ತನ್ನ ಜಾಗದ ಮಾತು ಅವಳು ಎತ್ತಿಯೇ ಇರಲಿಲ್ಲ ಎಂದು ಗದರಿ ಮುಗಿಸಿದ ಮೇಲೆ ತಿಳಿಯಿತು. ಅವಳು ಪುಸ್ತಕವನ್ನು ಬೋರಲಾಗಿ ಕಟ್ಟೆಯ ಮೇಲಿಟ್ಟು, ಪರಕಾರ ಝಾಡಿಸಿಕೊಂಡು ಎದ್ದು, ನಾಯಿ ಎಲ್ಲಿದೆ ಎಂದು ನೋಡಲು ಓಣಿಯ ಕಡೆಗೆ ಹೋದಳು.